ಸದ್ದು ಮಾಡದ ಸೀಟಿ

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ನಾನು ಕೂರುವ ಕಂಟ್ರೋಲರ್ ಕೊಠಡಿಗೆ ಇರುವುದು ಒಂದೇ ಕಿಟಕಿ. ಮೊನ್ನೆ ಮಧ್ಯಾಹ್ನ ಅದರ ಹೊರಗೆ ಮದುವೆಗೆ ಹೊರಟ ಹೆಂಗಸರ ಗುಂಪೊಂದು ಕೊಟ್ಟೂರು ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತಿತ್ತು. ಅವರಲ್ಲೊಬ್ಬಳು ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಹಡಗಲಿ ಮಲ್ಲಿಗೆ. ತಲೆ ಎತ್ತಿ ನೋಡುವ ಮೊದಲೇ ನನಗೆ ಗೊತ್ತಾಯಿತು, ಯಾಕೆಂದರೆ ಎಡಗೈ ಬೆರಳುಗಳು ಜುಮ್ಮೆಂದವು. ಮಲ್ಲಿಗೆಯ ವಾಸನೆಗೆ ಮನಸ್ಸು ಅರಳುತ್ತದೆ ಎನ್ನುವವರು ಅನ್ನಲಿ, ನಾನು ಬೇಡ ಎನ್ನುವುದಿಲ್ಲ. ನನಗೆ ಮಾತ್ರ ಅದು ಮೊದಲು ಕೈಗೆ ಬರುತ್ತದೆ, ಆಮೇಲೆ ಗಂಟಲಿಗೆ.

ಆ ಬೇಸಿಗೆ ನಾನು ಹಡಗಲಿಯಲ್ಲಿ ಹೊಸ ಕಂಡಕ್ಟರ್. ಹೊಸಹಳ್ಳಿ ಹತ್ತಿರದ ನಮ್ಮ ಓಣಿಯಲ್ಲಿ ಖಾಕಿ ತೊಟ್ಟ ಮೊದಲ ಹೆಣ್ಣು ನಾನೇ. ಅಪ್ಪ ಗೋಡೆಯ ಮೇಲಿನ ಬುದ್ಧನ ಪಟದ ಪಕ್ಕದಲ್ಲಿ ನನ್ನ ಖಾಕಿಯ ಫೋಟೊ ತೂಗುಹಾಕಿದ್ದ. ಬುದ್ಧನಿಗಿಂತ ನಾನೇ ದೊಡ್ಡವಳಾಗಿ ಕಾಣುತ್ತಿದ್ದೆ. ಸಣ್ಣದು ಮಾಡಿಸು ಎಂದರೆ, "ಅವನು ಏನೂ ಅನ್ಕಳಾಂಗಿಲ್ಲ ಬಿಡು" ಎಂದು ನಕ್ಕಿದ್ದ. ಕೆಲಸ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗುವ ಮುಂಚೆ ಮೈಯಲ್ಲಿ ಏನಾದರೂ ಐಬು ಕಂಡರೆ ಸೀದಾ ಮನೆಗೆ ಎಂದು ಡಿಪೋದ ಹಳಬರು ಹೊಸಬರನ್ನು ಹೆದರಿಸುತ್ತಿದ್ದರು. ಅದು ನಿಜವೋ ಸುಳ್ಳೋ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನನ್ನದು ಬೆಳಗಿನ ಹೂವಿನ ಬಸ್ಸು. ಹಡಗಲಿಯಿಂದ ಹರಪನಹಳ್ಳಿ, ಅಲ್ಲಿಂದ ತೆಲಿಗಿ ಮೇಲೆ ಹರಿಹರ. ಹೊಲದಲ್ಲಿ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಹೆಂಗಸರು ನಿಲ್ದಾಣಕ್ಕೆ ಓಡಿಬರುತ್ತಿದ್ದರು. ಬಿಸಿಲೇರುವುದರೊಳಗೆ ಗಂಟು ಪೇಟೆ ಸೇರಬೇಕು, ದಾರಿಯಲ್ಲೇ ಅರಳಿದರೆ ಯಾರೂ ಮೂಸುವುದಿಲ್ಲ. ಹಿಂದಿನ ಉದ್ದ ಸೀಟಿನ ತುಂಬ ಗಂಟು, ಕೆಳಗೆ ಗಂಟು, ಕಾಲಿಡುವ ಕಡೆಯೂ ಗಂಟು. ಧೂಳು ಬರುತ್ತದೆಂದು ಕಿಟಕಿ ಗಾಜು ಎಳೆದರೆ ಬಸ್ಸು ಒಂದು ಮಲ್ಲಿಗೆಯ ಡಬ್ಬಿ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪುಕ್ಕಟೆಯಾದರೂ ಒಬ್ಬೊಬ್ಬರ ಆಧಾರ್ ನೋಡಿ ಚೀಟಿ ಹರಿಯಲೇಬೇಕು. ಆ ಸಂದಿಯಲ್ಲಿ ನಾನು ಮುಂದಿನಿಂದ ಹಿಂದಕ್ಕೆ ಈಜಿಕೊಂಡು ಹೋಗುತ್ತಿದ್ದೆ.

ಡ್ರೈವರು ಕೊಟ್ರಪ್ಪಣ್ಣ, ಕೊಟ್ಟೂರಿನವರು. ನಿವೃತ್ತಿ ಹತ್ತಿರ ಬಂದ, ಅಚ್ಚುಕಟ್ಟಾಗಿ ವಿಭೂತಿ ಹಚ್ಚುವ, ಯಾರ ಮೇಲೂ ಹಾರ್ನ್ ಹೊಡೆದು ಸಿಟ್ಟು ತೀರಿಸದ ಮನುಷ್ಯ. ಅವರದೊಂದೇ ಖೋಡಿ. ತೆಲಿಗಿ ಇನ್ನೂ ಸ್ವಲ್ಪ ದೂರ ಇರುವಾಗ ರಸ್ತೆ ಪಕ್ಕದ ಒಂಟಿ ಬೇವಿನ ಮರದ ಕೆಳಗೆ ಬಸ್ಸು ನಿಲ್ಲಿಸುವರು. ಇಳಿದು ಟೈರಿಗೆಲ್ಲ ಒಂದೊಂದು ಒದೆ ಕೊಟ್ಟು, ಬಾಟಲಿ ನೀರು ಮುಖಕ್ಕೆ ಸುರಿದುಕೊಂಡು, ಸುತ್ತು ಹಾಕಿ ಮತ್ತೆ ಹತ್ತುವರು. "ಗಾಳಿ ನೋಡಿದೆ" ಎನ್ನುವರು. ಗಾಳಿ ಎಂದೂ ಇಳಿದಿರುತ್ತಿರಲಿಲ್ಲ. ಡಿಪೋದಲ್ಲಿ ಅವರಿಗೆ ಟೈರ್ ಕೊಟ್ರಪ್ಪ ಎಂದೇ ಹೆಸರು. ಹೂವಿನ ಹೆಂಗಸರ ಪೈಕಿ ಬಾಯಿ ಜೋರಿನ ಮುದುಕಿ ಗೌರವ್ವ ದಿನಾ ಕೂಗುವಳು, "ಆ ಟೈರಿಗೆ ಒದ್ದಂಗ ನಮ್ಮ ಮೊಗ್ಗಿಗೂ ಒದಿಯಪ್ಪ, ಅರಳದಂಗ ಮಲಗಿರ್ಲಿ." ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ಮೊದಲ ಸಲ ಅದು ಬಂದದ್ದು ಹರಪನಹಳ್ಳಿ ಮುಟ್ಟುವ ಮುಂಚೆ. ಮುಂದಿನ ದಿನದ ಯೋಚನೆಯಿಲ್ಲ, ಹಿಂದಿನ ದಿನದ ಜಗಳವಿಲ್ಲ, ಹೊಟ್ಟೆ ತುಂಬ ಮಂಡಕ್ಕಿ ತಿಂದು ಹೊರಟಿದ್ದೆ. ನಡುಸಾಲಿನಲ್ಲಿ ನಿಂತು ಚೀಟಿ ಹರಿಯುತ್ತಿದ್ದಾಗ ಎದೆಯಲ್ಲಿ ಒಂದು ಬಡಿತ ತಪ್ಪಿತು. ತಪ್ಪಿದ್ದನ್ನು ಸರಿ ಮಾಡಲು ಎಂಬಂತೆ ಆಮೇಲಿನ ಬಡಿತಗಳು ಒಂದರ ಮೇಲೊಂದು ಬಿದ್ದವು. ಕೈಬೆರಳು ಜುಮ್ಮೆಂದು ಮರಗಟ್ಟಿತು, ತುಟಿಯೂ ಹಾಗೆಯೇ. ಗಂಟಲಲ್ಲಿ ಯಾರೋ ಒಳಗಿನಿಂದ ಬಟ್ಟೆ ತುರುಕಿದ ಹಾಗೆ. ಗಾಳಿ ಎಳೆದಷ್ಟೂ ಸಾಲದು. ಎಳೆದೆ, ಇನ್ನೂ ಎಳೆದೆ, ತಲೆ ತೇಲಿತು. ಎದುರಿಗಿದ್ದ ಹೆಂಗಸು "ಹರಪನಳ್ಳಿ ಎರಡು" ಎನ್ನುತ್ತಿದ್ದಳು. ಅವಳ ಬಾಯಿ ಕಾಣುತ್ತಿತ್ತು, ಮಾತು ಎಲ್ಲೋ ಬಾವಿಯೊಳಗಿಂದ ಬರುತ್ತಿತ್ತು. ನನ್ನ ಕೈ ನನ್ನದಲ್ಲ ಅನ್ನಿಸಿತು. ಆಗ ಬಂದ ಯೋಚನೆ ಒಂದೇ: ನಾನು ಸಾಯುತ್ತಿದ್ದೇನೆ, ಇಲ್ಲೇ, ಈ ಹೂವಿನ ಗಂಟುಗಳ ನಡುವೆ. ಇದನ್ನು ಈಗ ನಿಧಾನವಾಗಿ ಬರೆಯುತ್ತಿದ್ದೇನೆ, ಅವತ್ತು ಎಲ್ಲವೂ ಒಟ್ಟಿಗೇ ಬಂತು.

ಯಾರೋ ಕೂಗಿದರು, ಬಸ್ಸು ನಿಂತಿತು. ಕೊಟ್ರಪ್ಪಣ್ಣ ಬಂದು ನೀರು ಕುಡಿಸಿದರು. ಗೌರವ್ವ ನನ್ನ ಮುಡಿಯಲ್ಲಿದ್ದ ಮಲ್ಲಿಗೆ ಕಿತ್ತು ಕಿಟಕಿಯಿಂದಾಚೆ ಎಸೆದಳು. "ನಿಲ್ದಾಣದಾಗ ಹುಣಸಿ ಗಿಡದ ಕೆಳಗ ಹೂವು ಮುಡ್ಕಂಡು ನಿಂತಿದ್ದಿ. ದೆವ್ವದ ಗಾಳಿ ಐತಿ ಅದು, ಬ್ಯಾರೆ ಏನೂ ಅಲ್ಲ" ಎಂದಳು. ಹರಪನಹಳ್ಳಿಯ ದವಾಖಾನೆಗೆ ಹೋಗುವಷ್ಟರಲ್ಲಿ ಎಲ್ಲ ಇಳಿದುಹೋಗಿತ್ತು. ಎದೆಗೆ ವೈರು ಹಚ್ಚಿ ಇ.ಸಿ.ಜಿ. ತೆಗೆದರು, ರಕ್ತ ತೆಗೆದರು, ಎಲ್ಲ ಸರಿಯಾಗಿದೆ ಎಂದರು. ಸರಿಯಾಗಿದೆ ಎಂದದ್ದು ನನಗೆ ಸಮಾಧಾನ ಕೊಡಲಿಲ್ಲ, ಹೆದರಿಕೆ ಕೊಟ್ಟಿತು. ಇಷ್ಟು ದೊಡ್ಡದು ಬಂದು ಹೋಗಿದೆ, ಮಷೀನಿಗೆ ಕಾಣಲಿಲ್ಲವೆಂದರೆ ಅದು ಇನ್ನೆಲ್ಲಿ ಅಡಗಿದೆ? ಡಿಪೋದಲ್ಲಿ ಎಲ್ಲರೂ ಗ್ಯಾಸ್ ಎಂದು ತೀರ್ಮಾನಿಸಿದರು. ಸೋಡಾ ಕುಡಿ, ಜೀರಿಗೆ ಅಗಿ, ರಾತ್ರಿ ಬೇಳೆ ತಿನ್ನಬೇಡ. ಎಲ್ಲವನ್ನೂ ಮಾಡಿದೆ.

ಅದು ಮತ್ತೆ ಬಂತು. ಅದಕ್ಕಿಂತ ಕೆಟ್ಟದ್ದು, ಬಾರದ ದಿನಗಳಲ್ಲೂ ಬರುತ್ತದೆಂದು ಕಾಯತೊಡಗಿದೆ. ಆ ವರ್ಷ ಆಕಾಶವೂ ಹಾಗೇ ಇತ್ತು. ಮಧ್ಯಾಹ್ನವಾದರೆ ಹಗರಿಬೊಮ್ಮನಹಳ್ಳಿ ಕಡೆಯಿಂದ ಕಪ್ಪು ಮೋಡ ಏರಿ ಬಂದು ನಿಲ್ಲುವುದು, ಗಾಳಿ ಸತ್ತುಹೋಗುವುದು, ದನಗಳು ಕಿವಿ ನೆಟ್ಟಗೆ ಮಾಡುವವು, ಒಂದು ಹನಿ ಬೀಳುತ್ತಿರಲಿಲ್ಲ. ನನ್ನ ಲೋಕ ಸಣ್ಣದಾಗುತ್ತಾ ಬಂತು. ಹಿಂದಿನ ಸೀಟಿನ ಕಡೆ ಹೋಗುವುದು ಬಿಟ್ಟೆ, ಬಾಗಿಲ ಹತ್ತಿರವೇ ನಿಂತು ಚೀಟಿ ಕೊಟ್ಟೆ. ಹೂ ಮುಡಿಯುವುದು ಬಿಟ್ಟೆ. ಸಂತೆ ಬಿಟ್ಟೆ, ಸಿನಿಮಾ ಬಿಟ್ಟೆ, ಬಾಡಿಗೆ ಕೋಣೆಯ ಬಾಗಿಲಿಗೆ ಚಿಲಕ ಹಾಕಿ ಮಲಗುವುದು ಬಿಟ್ಟೆ, ಸತ್ತರೆ ಬಾಗಿಲು ಒಡೆಯುವ ತೊಂದರೆ ಯಾರಿಗೂ ಬೇಡ ಎಂದು. ಈಗ ನಗು ಬರುತ್ತದೆ. ಆಗ ಅದು ಶುದ್ಧ ವ್ಯವಹಾರದ ಮಾತಾಗಿತ್ತು.

ರಜೆಗೆ ಊರಿಗೆ ಹೋದಾಗ ಅವ್ವ ನನ್ನ ಮುಖ ನೋಡಿಯೇ ಎಲ್ಲ ಬಾಯಿ ಬಿಡಿಸಿದಳು. ಕೇಳುತ್ತಾ ಒಂದಾದ ಮೇಲೊಂದು ರೊಟ್ಟಿ ಬಡಿದಳು.

"ಯಾರ ಮುಂದೂ ಹೇಳಬ್ಯಾಡ ಸುಜಾತಾ. ಹೆದರಿಕಿ ಅಂದ್ರ ಹುಚ್ಚು ಅಂತಾರ. ನೌಕರಿ ಖಾಯಂ ಆಗಲಿ, ಆಮ್ಯಾಲೆ ಬೇಕಾದ್ರ ಹೆದರಿಕೋ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಅದು ನನ್ನ ಖಾಯಮಾತಿಗೆ ಕಾಯುವ ಲಕ್ಷಣ ಕಾಣಲಿಲ್ಲ.

ನನ್ನನ್ನು ಯಾರೂ ಗುರುತಿಸದ ಊರು ಬೇಕಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಹೊರಗಿನಿಂದ ವಾರಕ್ಕೊಮ್ಮೆ ಬಂದು ಕೂರುವ ಮನೋವೈದ್ಯೆ ಒಬ್ಬರಿದ್ದರು. ಖಾಕಿ ಬಿಟ್ಟು ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಹೋದೆ. ಆಕೆ ಲೊಚಗುಟ್ಟುವ ಪೈಕಿ ಅಲ್ಲ. ನನ್ನ ಹಳೆಯ ಇ.ಸಿ.ಜಿ. ನೋಡಿ, ಥೈರಾಯ್ಡ್ ಒಂದು ನೋಡಿಸಿ, ಅದೂ ಸರಿ ಇದೆಯೆಂದು ಖಾತ್ರಿಯಾದ ಮೇಲೆ ಎರಡನೇ ಭೇಟಿಯಲ್ಲಿ ಕೇಳಿದರು.

"ನಿಮ್ಮ ಹೊಸಹಳ್ಳಿ ಕಡೆ ಕರಡಿ ಬರ್ತಾವಲ್ಲ?"

"ಬರ್ತಾವ್ರಿ."

"ಹೊಲದಾಗ ಕರಡಿ ಎದುರಿಗೆ ಬಂದ್ರ ಮೈಗೆ ಏನಾಗತೈತಿ?"

"ಎದಿ ಬಡ್ಕಂತೈತಿ. ಉಸಿರು ಏರತೈತಿ. ಕೈಕಾಲು ನಡುಗ್ತಾವ."

"ಓಡಾಕ ಬೇಕಲ್ಲ, ಅದಕ್ಕ. ನಿಮ್ಮ ಮೈ ಈಗ ಕರಡಿ ಇಲ್ಲದಾಗ ಕರಡಿ ಬಂತು ಅಂತ ಕೂಗಾಕ ಹತ್ತೈತಿ. ಕೂಗು ಸುಳ್ಳು, ಎದಿ ಬಡಿತ ಸುಳ್ಳಲ್ಲ. ನೀವು ನಾಟಕ ಮಾಡಾಕ ಹತ್ತಿಲ್ರಿ, ನಿಮಗ ಹುಚ್ಚೂ ಹಿಡಿದಿಲ್ಲ. ಇದಕ್ಕ ಪ್ಯಾನಿಕ್ ಅಟ್ಯಾಕ್ ಅಂತಾರ. ಏರತೈತಿ, ತುದಿ ಮುಟ್ಟತೈತಿ, ಇಳಿತೈತಿ. ಇಳೀದೇ ಉಳಿದಿದ್ದು ನಾ ಒಂದೂ ನೋಡಿಲ್ಲ."

ಹೆಸರು ಸಿಕ್ಕಿದ್ದಕ್ಕೇ ನನಗೆ ಅಳು ಬಂತು. ಗಾಳಿಯಲ್ಲ, ಗ್ಯಾಸಲ್ಲ, ಪಾಪವಲ್ಲ. ಆಕೆ ಒಂದು ಮಾತ್ರೆ ಬರೆದುಕೊಟ್ಟರು, ಕೆಲಸ ಮಾಡಲು ವಾರಗಳು ಬೇಕು, ಮಧ್ಯೆ ಬಿಡಬೇಡಿ ಎಂದರು. ಚಹಾ ಕಡಿಮೆ ಮಾಡಿಸಿದರು. ಅದು ಬಂದಾಗ ಗಾಳಿ ಎಳೆಯಬಾರದು, ಬಿಡಬೇಕು, ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಕಾಲಡಿಯ ನೆಲವನ್ನು ಒತ್ತಿ ನಿಲ್ಲಬೇಕು. ಕಣ್ಣಿಗೆ ಬಿದ್ದದ್ದರ ಹೆಸರು ಹೇಳಿಕೊಳ್ಳಬೇಕು, ಬಸ್ಸಿನ ಕಂಬಿ, ಮುದುಕನ ತಲೆಯ ಪಟಗ, ಕೋಳಿಬುಟ್ಟಿ. ಕೈಮೇಲೆ ತಣ್ಣೀರು ಹಾಕಿಕೊಂಡರೂ ಆಯಿತು. ಮುಖ್ಯವಾಗಿ ಆ ಜಾಗದಿಂದ ಓಡಬಾರದು, ಓಡಿದರೆ ಮೈಗೆ ಅಲ್ಲಿ ಕರಡಿ ಇದ್ದದ್ದು ಹೌದೆಂದು ಖಾತ್ರಿಯಾಗುತ್ತದೆ.

"ದಿನಾ ಸೀಟಿ ಊದೋರಿಗೆ ಉಸಿರು ಬಿಡೋದು ನಾ ಕಲಿಸಬೇಕೇನ್ರಿ?" ಎಂದು ಕೊನೆಗೆ ನಕ್ಕರು. "ಇನ್ನೊಂದು. ಬಸ್ಸಿನಾಗ ಒಬ್ಬರಿಗಾದ್ರೂ ಹೇಳಿ ಇಡ್ರಿ."

ಸೀಟಿಯ ಮಾತನ್ನು ಹಿಡಿದುಕೊಂಡೆ, ಹೇಳಿ ಇಡುವ ಮಾತನ್ನು ಬಿಟ್ಟೆ. ಅದು ಬರುವ ಸುಳಿವು ಸಿಕ್ಕೊಡನೆ ಸೀಟಿಯನ್ನು ತುಟಿಗಿಟ್ಟು, ಒಳಗಿನ ಗೋಲಿ ಅಲುಗದ ಹಾಗೆ, ಸದ್ದೇ ಬಾರದ ಹಾಗೆ ಉಸಿರು ಬಿಡುವುದು. ಜೋರಾಗಿ ಬಿಟ್ಟರೆ ಕೂಗಿಕೊಳ್ಳುತ್ತದೆ, ಮೆಲ್ಲಗೆ ಬಿಟ್ಟರೆ ತೆಪ್ಪಗಿರುತ್ತದೆ. ಕಂಡಕ್ಟರ್ ಬಾಯಲ್ಲಿ ಸೀಟಿ ಇದ್ದರೆ ಯಾರೂ ಯಾಕೆಂದು ಕೇಳುವುದಿಲ್ಲ. ಬಾಗಿಲು ಬಿಟ್ಟು ಮತ್ತೆ ನಡುಸಾಲಿಗೆ ಹೋದೆ, ಹೂವಿನ ಗಂಟುಗಳವರೆಗೂ ಹೋದೆ. ಕೆಲವು ದಿನ ಅದು ಅರ್ಧಕ್ಕೇ ಇಳಿಯಿತು. ಕೆಲವು ದಿನ ಇಳಿಯಲಿಲ್ಲ, ತುದಿ ಮುಟ್ಟಿಸಿಯೇ ಬಿಟ್ಟಿತು, ನಾನು ಕಂಬಿ ಹಿಡಿದು ನಿಂತಿದ್ದೆ.

ಸೀಟಿಯ ಭಾಷೆ ಬಸ್ಸು ಹತ್ತುವ ಎಲ್ಲರಿಗೂ ಗೊತ್ತು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ತುಂಬಿದ ಬಸ್ಸಿನಲ್ಲಿ ಹಿಂಬಾಗಿಲು ಡ್ರೈವರಿಗೆ ಕಾಣುವುದಿಲ್ಲ. ಅವರು ತಿರುಗಿಯೂ ನೋಡುವುದಿಲ್ಲ, ಕಂಡಕ್ಟರ್ ಊದಿದ್ದನ್ನು ನಂಬಿ ಗೇರು ಹಾಕುತ್ತಾರೆ. ಇಷ್ಟು ಗೊತ್ತಿದ್ದೂ ನಾನು ಸೀಟಿಯನ್ನೇ ಔಷಧಿ ಮಾಡಿಕೊಂಡಿದ್ದೆ. ಅದರಲ್ಲಿ ಏನು ಅಪಾಯವಿದೆ ಎಂದು ತೆಲಿಗಿಯಲ್ಲಿ ತಿಳಿಯಿತು.

ಮದುವೆಗಳ ದಿನ ಅದು. ಗಂಟುಗಳು ಮೇಲಿನ ಹಲಗೆಯವರೆಗೂ ಏರಿದ್ದವು. ಅಂದು ಬೇವಿನ ಮರದ ಹತ್ತಿರ ಇನ್ನೊಂದು ಬಸ್ಸು ಕೆಟ್ಟು ನಿಂತು ಜನ ಕೈ ಅಡ್ಡ ಹಾಕಿದ್ದರು, ಅವರನ್ನೂ ಹತ್ತಿಸಿಕೊಂಡೆವು, ಆ ಗದ್ದಲದಲ್ಲಿ ಕೊಟ್ರಪ್ಪಣ್ಣ ಕೆಳಗೆ ಇಳಿಯಲೇ ಇಲ್ಲ. ತೆಲಿಗಿಯಲ್ಲಿ ನಿಂತಾಗ ನಾನು ಹಿಂಬಾಗಿಲಲ್ಲಿದ್ದೆ, ಸೀಟಿ ತುಟಿಯಲ್ಲಿತ್ತು. ಅಲ್ಲಿಯವರೆಗೆ ಬಂದದ್ದೆಲ್ಲ ಬರೀ ಮೊದಲ ಹನಿ ಅನ್ನಿಸುವಂಥದ್ದು ಆಗ ಬಂತು. ಕೆಳಗೆ ಗೌರವ್ವ ಇಳಿಯುತ್ತಿದ್ದಳು, ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಗಾಳಿಯಲ್ಲಿ, ತಲೆಯ ಮೇಲೆ ಗಂಟು. ನನ್ನ ಎದೆ ಒಳಗಿನದನ್ನೆಲ್ಲ ಒಮ್ಮೆಲೇ ಹೊರಗೆ ತಳ್ಳಿತು, ಮತ್ತೆ ಎಳೆದು ಮತ್ತೆ ತಳ್ಳಿತು.

ಸೀಟಿ ಕೂಗಿತು. ಎರಡು ಸಲ, ಚುರುಕಾಗಿ. ಹೊರಡು.

ಅವಳ ಸೀರೆಯ ನೆರಿಗೆ ಮೆಟ್ಟಿಲ ಕಬ್ಬಿಣಕ್ಕೆ ಸಿಕ್ಕಿದ್ದು ನನಗೆ ಕಾಣುತ್ತಿತ್ತು. ಕೂಗಲು ಬಾಯಿ ಬರಲಿಲ್ಲ. ಎಂಜಿನ್ನಿನ ಸದ್ದು ಏರುವುದಕ್ಕೆ ಕಾದೆ. ಅದು ಏರಲಿಲ್ಲ. ಬಸ್ಸು ನಿಂತೇ ಇತ್ತು. ಗೌರವ್ವ ಬೈದುಕೊಂಡು ನೆರಿಗೆ ಬಿಡಿಸಿಕೊಂಡಳು, ಗಂಟು ಸರಿಮಾಡಿಕೊಂಡು ನೆಲಕ್ಕೆ ಇಳಿದಳು. ಆಮೇಲೆ ಎಷ್ಟೋ ಹೊತ್ತಿಗೆ ನಾನೇ ಮುಂದೆ ಹೋಗಿ ಕೈಯಿಂದ ಬಡಿದು ಬಸ್ಸು ಬಿಡಿಸಿದೆ.

ಹರಿಹರದಲ್ಲಿ ಜನ ಇಳಿದು ಖಾಲಿಯಾದ ಬಸ್ಸಿನಲ್ಲಿ ಕೊಟ್ರಪ್ಪಣ್ಣನ ಹಿಂದಿನ ಸೀಟಿನಲ್ಲಿ ಕೂತೆ.

"ಎರಡು ಊದಿದೆ. ಯಾಕ ಬಿಡಲಿಲ್ಲ ಅಣ್ಣಾರ?"

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು, ತಿರುಗಲಿಲ್ಲ. "ಅದು ಸೀಟಿ ಅಲ್ಲವ್ವ. ಉಸಿರು ಅದು."

"ನಿಮಗ ಹೆಂಗ ಗೊತ್ತು?"

"ದಿನಾ ಬೇವಿನ ಗಿಡದ ತಳಾಗ ನಾ ಟೈರ್ ನೋಡಾಕ ಇಳಿತೀನಿ ಅಂತ ಮಾಡೀಯೇನು?"

ಅವರಿಗೆ ಅದು ಬಹಳ ವರ್ಷದ ಗೆಳೆಯ. ಸ್ಟೇರಿಂಗ್ ಹಿಡಿದಿದ್ದಾಗಲೇ ಬರುತ್ತದೆ, ಹೆಚ್ಚಾಗಿ ಆ ನೇರ ರಸ್ತೆಯಲ್ಲಿ. ಸುಳಿವು ಸಿಕ್ಕೊಡನೆ ಪಕ್ಕಕ್ಕೆ ಹಾಕಿ ಇಳಿಯುವುದು, ಟೈರಿಗೆ ಒದೆಯುವುದು, ನೀರು ಸುರಿದುಕೊಳ್ಳುವುದು. ಹೆಂಡತಿಗೂ ಹೇಳಿಲ್ಲ. ಡ್ರೈವರಿಗೆ ಎದೆ ಹಾರುತ್ತದೆ ಎಂದರೆ ಯಾರು ಬಸ್ಸು ಕೊಡುತ್ತಾರೆ ಎಂದರು. ನಾನು ಅವರ ಮುಂದಿನ ದೊಡ್ಡ ಗಾಜನ್ನೂ ಹಿಂದಿನ ಖಾಲಿ ಸೀಟುಗಳನ್ನೂ ನೋಡಿದೆ. ನನ್ನ ಜೊತೆ ಇನ್ನೊಬ್ಬರಿದ್ದಾರೆ ಎಂಬ ಸಮಾಧಾನ ಬಂತು, ಬಂದಷ್ಟೇ ವೇಗದಲ್ಲಿ ಆ ಇನ್ನೊಬ್ಬರು ಕೂತಿರುವುದು ಎಲ್ಲಿ ಎಂಬುದೂ ಹೊಳೆಯಿತು. ಅಷ್ಟು ದಿನ ನನ್ನ ಹೆದರಿಕೆ ನನ್ನ ಮೈಯದ್ದು ಮಾತ್ರ ಇತ್ತು.

ಹಗರಿಬೊಮ್ಮನಹಳ್ಳಿಗೆ ಬನ್ನಿ ಎಂದು ಬೆನ್ನು ಬಿದ್ದೆ. "ಬರ್ತೀನಿ. ಮದಿವಿ ದಿನ ಮುಗೀಲಿ" ಎಂದರು. ಕೊನೆಗೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಅವರ ಕುತ್ತಿಗೆ ಬಿಗಿಯುವುದು, ಕೈ ಪದೇಪದೇ ಅಂಗಿಯ ಗುಂಡಿಗೆ ಹೋಗುವುದು ನನಗೆ ಕಂಡರೆ ನಾನು ಒಂದು ಸೀಟಿ ಊದುವುದು, ಉದ್ದಕ್ಕೆ. ಒಂದು ಸೀಟಿಗೆ ಬಸ್ಸು ನಿಲ್ಲಿಸಿದ ಡ್ರೈವರನ್ನು ಯಾರೂ ಯಾಕೆ ನಿಲ್ಲಿಸಿದೆ ಎಂದು ಕೇಳುವಂತಿಲ್ಲ, ಬೈಗುಳವೆಲ್ಲ ಕಂಡಕ್ಟರಿಗೆ. ಚೀಟಿ ಬಿತ್ತು, ಗಂಟು ಜಾರಿತು, ಬಾಗಿಲು ಸರಿಯಿಲ್ಲ ಎಂದು ನಾನು ಬೈಸಿಕೊಂಡೆ. ನಡುವೆ ನನ್ನದು ಬಂದರೆ ಸೀಟಿಯನ್ನು ಬಾಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಬರೀ ತುಟಿಯಿಂದಲೇ ಬಿಡುವುದು ಬರತೊಡಗಿತ್ತು. ಬಸ್ಸು ಹೀಗೆ ಇಬ್ಬರು ಹೆದರಿದವರ ಕೈಯಲ್ಲಿ ಓಡುತ್ತಿತ್ತು, ಒಳಗೆ ಜನ ಮದುವೆಯ ಹಾಡು ಹೇಳುತ್ತಿದ್ದರು.

ಒಂದು ದಿನ ನಾನು ಊದುವ ಮುಂಚೆಯೇ ಅವರು ನಿಲ್ಲಿಸಿದರು. ಬೇವಿನ ಮರದ ಹತ್ತಿರವೇ, ಆದರೆ ಎಂದಿನ ಹಾಗೆ ಟೈರಿಗೆ ಒದೆಯಲಿಲ್ಲ. ಕೀಲಿ ತೆಗೆದು ನನ್ನ ಕೈಗಿಟ್ಟು, ತುಂಬಿದ ಬಸ್ಸಿನ ಕಡೆ ತಿರುಗಿ ನಿಂತು, "ನನಗ ಎದಿ ಹಾರಾಕ ಹತ್ತೈತ್ರಿ. ಹಿಂಗ ಹೊಡಿಯಾಕ ಆಗಂಗಿಲ್ಲ. ತುಸು ತಡಿರಿ" ಎಂದರು. ಇಳಿದು ಮರದ ಬುಡದಲ್ಲಿ ಬೆನ್ನು ಹಚ್ಚಿ ಕೂತರು, ಆಮೇಲೆ ಮಲಗಿಯೇ ಬಿಟ್ಟರು. ನಾನು ಪಕ್ಕದಲ್ಲಿ ಕೂತು ಉಸಿರು ಬಿಡಿಸಿದೆ. ಗೌರವ್ವ ಗಂಟು ಹೊತ್ತುಕೊಂಡೇ ಬಂದಳು. ಗಂಟು ಬಿಚ್ಚಿ ಮೊಗ್ಗನ್ನೆಲ್ಲ ನೆಲಕ್ಕೆ ಸುರಿದು, ಆ ತಣ್ಣನೆಯ ಬಟ್ಟೆಯನ್ನು ಅವರ ಎದೆ, ಕೈಗಳ ಮೇಲೆ ಹಾಸಿದಳು. ಬಿಸಿಲು ಏರುತ್ತಿತ್ತು, ಬಸ್ಸಿನೊಳಗೆ ಎಲ್ಲರ ಹೂವೂ ಅರಳುತ್ತಿತ್ತು. ಕೆಲವರು ಗೊಣಗಿದರು, ಹೆಚ್ಚಿನವರು ಕಾದರು. ಇಸ್ತ್ರಿ ಅಂಗಿಯ ಒಬ್ಬಾತ ಕಿಟಕಿಯಿಂದ ಮೊಬೈಲು ಚಾಚಿ ಹಿಡಿದಿದ್ದ.

ಅದು ಇಳಿಯಿತು. ಅವರೇ ನಿಧಾನವಾಗಿ ಬಸ್ಸನ್ನು ಹರಿಹರ ಮುಟ್ಟಿಸಿದರು. ಆದರೆ ನಮಗಿಂತ ಮೊದಲು ವಿಡಿಯೊ ಹಡಗಲಿ ಡಿಪೋ ಮುಟ್ಟಿತ್ತು. ಮರದ ಕೆಳಗೆ ಖಾಕಿಯ ಡ್ರೈವರು ಅಂಗಾತ ಬಿದ್ದಿದ್ದಾನೆ, ಸುತ್ತ ಮಲ್ಲಿಗೆ ಚೆಲ್ಲಿದೆ, ಕೆಳಗೆ "ಕುಡುಕ ಡ್ರೈವರನ ಹೂವಿನ ಹಾಸಿಗೆ" ಎಂದು ಬರೆದಿದೆ. ಸಂಜೆ ಬಂದ ಮೇಲೆ ಮಷೀನಿನಲ್ಲಿ ಊದಿಸಿದರು, ಏನೂ ತೋರಿಸಲಿಲ್ಲ. ಇಷ್ಟು ಹೊತ್ತಿಗೆ ಕುಡಿದದ್ದು ಇಳಿದಿರುತ್ತದೆ ಎಂದರು. ಇಡೀ ಬಸ್ಸಿಗೆ ಹೇಳಿದ ಮಾತನ್ನು ಆಫೀಸಿನಲ್ಲಿ ಹೇಳಲು ಕೊಟ್ರಪ್ಪಣ್ಣನಿಂದ ಆಗಲಿಲ್ಲ.

ಮರುದಿನ ಮ್ಯಾನೇಜರ್ ಸಾಹೇಬರು ನನ್ನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರೇನಲ್ಲ, ಮೇಲಿನವರ ಫೋನಿಗೆ ಉತ್ತರ ಕೊಟ್ಟು ಸಾಕಾಗಿದ್ದರು.

"ನೀನು ಬಾಜೂಕ ಕುಂತೀದಿ ವಿಡಿಯೊದಾಗ. ಕುಡಿದಿದ್ನೋ ಇಲ್ಲೋ, ಅಷ್ಟು ಹೇಳು ಸಾಕು."

"ಕುಡಿದಿರಲಿಲ್ರಿ ಸಾರ್. ಅದು ಹೆದರಿಕಿ. ಎದಿ ಹಾರಿ, ಉಸಿರು ಸಿಗದಂಗ ಆಗತೈತಿ. ಆಮ್ಯಾಲೆ ಇಳಿತೈತಿ."

ಅವರು ನಕ್ಕರು. "ಇಷ್ಟು ವರ್ಷ ಬಸ್ಸು ಹೊಡದಾನ, ಅವಂಗೆಂಥ ಹೆದರಿಕಿ? ನಿನಗ್ಯಾರು ಹೇಳಿದ್ರು ಇದನ್ನ?"

ಡಾಕ್ಟರ್ ಹೇಳಿದರು ಎಂದರೆ ಯಾವ ಡಾಕ್ಟರ್, ಯಾಕೆ ಹೋಗಿದ್ದೆ ಎಂದು ಬರುತ್ತದೆ. ಅವ್ವ ರೊಟ್ಟಿ ಬಡಿಯುತ್ತಾ ಹೇಳಿದ್ದು ನೆನಪಾಯಿತು. ಗೊತ್ತಿಲ್ಲ ಸಾರ್ ಎಂದು ಹೊರಗೆ ಬರಬಹುದಿತ್ತು, ಬಾಗಿಲು ತೆರೆದೇ ಇತ್ತು. ಬೆರಳು ಜುಮ್ಮೆಂದಿತು.

"ನನಗೂ ಐತ್ರಿ. ಹಗರಿಬೊಮ್ಮನಹಳ್ಳಿಗೆ ಬರೋ ಡಾಕ್ಟರು ಹೇಳಿದ್ರು" ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ಅದು ಬಂದೇ ಬಿಟ್ಟಿತು. ಅಲ್ಲಿಯೇ, ಅವರ ಮೇಜಿನ ಮುಂದೆ. ಓಡಲಿಲ್ಲ. ಕಾಲು ನೆಲಕ್ಕೆ ಒತ್ತಿದೆ. ಜೇಬಿನಿಂದ ಸೀಟಿ ತೆಗೆದು ತುಟಿಗಿಟ್ಟೆ. ಸಾಹೇಬರು ಗಾಬರಿಯಾಗಿ ಎದ್ದರು, ನೀರು ಎಂದು ಕೂಗಲು ಹೊರಟವರಿಗೆ ಕೈಯಲ್ಲೇ ತಡೆಯಿರಿ ಎಂದೆ. ಫ್ಯಾನು, ಗೋಡೆಯ ಕ್ಯಾಲೆಂಡರು, ಅವರ ಕನ್ನಡಕದ ಡಬ್ಬಿ. ಮುಖದಲ್ಲಿ ಬೆವರು ಇಳಿಯುತ್ತಿತ್ತು, ಕೈ ಕುಣಿಯುತ್ತಿತ್ತು, ಅವರು ನೋಡುತ್ತಲೇ ಇದ್ದರು. ಅದು ಏರಿತು, ತುದಿ ಮುಟ್ಟಿತು, ಒಂದೊಂದೇ ಮೆಟ್ಟಿಲು ಇಳಿಯಿತು. ಸೀಟಿ ಒಂದು ಸಲವೂ ಕೂಗಲಿಲ್ಲ.

ಅದನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟೆ. "ಕುಡಿದೋರು ಹಿಂಗ ಇರ್ತಾರೇನ್ರಿ ಸಾರ್?" ಎಂದು ಕೇಳಿದೆ.

ಅವರು ಆ ಡಾಕ್ಟರು ಹಗರಿಬೊಮ್ಮನಹಳ್ಳಿಗೆ ಯಾವ ದಿನ ಬರುತ್ತಾರೆ ಎಂದಷ್ಟೇ ಕೇಳಿದರು.

ಕುಡುಕ ಎಂಬ ಮಾತು ಕೊಟ್ರಪ್ಪಣ್ಣನ ಮೇಲೆ ನಿಲ್ಲಲಿಲ್ಲ. ಸ್ಟೇರಿಂಗ್ ಮಾತ್ರ ಹೋಯಿತು. ಡಿಪೋ ಗೇಟಿನಲ್ಲಿ ಕೂರಿಸಿದರು, ನಿವೃತ್ತಿಯವರೆಗೆ ಅಲ್ಲೇ ಕೂತರು. ಮಾತ್ರೆ ನುಂಗಿದರು, ಕ್ರಮೇಣ ನಿದ್ದೆ ಬಂತು, ಮುಖ ತುಂಬಿಕೊಂಡಿತು. ಆದರೆ ಬಸ್ಸು ಗೇಟು ದಾಟುವಾಗ ಅವರ ಎಡಗೈ ತಾನಾಗಿ ಗೇರು ಬದಲಿಸುವುದನ್ನು ನಾನು ನೋಡಿದ್ದೇನೆ, ಆಗ ನನಗೆ ಅವರ ಮುಖ ನೋಡಲು ಆಗುತ್ತಿರಲಿಲ್ಲ. ನನ್ನ ಖಾಯಮಾತಿ ಮುಂದಕ್ಕೆ ಹೋಯಿತು, ಮತ್ತೂ ಹೋಯಿತು. ಅಪ್ಪ ಗೋಡೆಯ ಫೋಟೊ ತೆಗೆಯಲಿಲ್ಲ, ಅವ್ವ ಕೆಲಕಾಲ ನನ್ನ ಜೊತೆ ಮಾತು ಬಿಟ್ಟಳು. ಕೊನೆಗೆ ಡಾಕ್ಟರು ಬರೆದುಕೊಟ್ಟ ಮೇಲೆ ಖಾಯಂ ಆಯಿತು. ಈಗ ಅದು ಅಪರೂಪಕ್ಕೆ ಬರುತ್ತದೆ. ಹೋಯಿತು ಎಂದು ಮಾತ್ರ ಹೇಳಲಾರೆ.

ಮೊನ್ನೆ ಕಿಟಕಿಯ ಹೊರಗಿನ ಹೆಂಗಸು ನಾನು ನೋಡುತ್ತಿರುವುದನ್ನು ಕಂಡು ಒಂದು ಮೊಳ ಮಲ್ಲಿಗೆ ಚಾಚಿದಳು. "ತಗೋರಿ ಅಕ್ಕಾರ, ಹಡಗಲೀದು."

"ಹೂವು ಬ್ಯಾಡ್ರಿ. ಆ ಬಟ್ಟಿ ಒಂಚೂರು ಕೊಡ್ರಿ" ಎಂದೆ.

ಇವಳ್ಯಾಕೆ ಹೀಗೆ ಎಂಬ ಮುಖ ಮಾಡಿ ಕೊಟ್ಟಳು. ಒದ್ದೆ ಬಟ್ಟೆಯನ್ನು ಎರಡೂ ಮಣಿಕಟ್ಟಿಗೆ ಸುತ್ತಿಕೊಂಡು ಉಸಿರು ಬಿಡುತ್ತಾ ಕೂತೆ. ಅಷ್ಟರಲ್ಲಿ ಕೊಟ್ಟೂರು ಬಸ್ಸು ಬಂತು, ಮದುವೆಯ ಗುಂಪೆಲ್ಲ ಎದ್ದು ನುಗ್ಗಿತು. ಹಿಂಬಾಗಿಲಲ್ಲಿ ಹೊಸ ಕಂಡಕ್ಟರ್ ಹುಡುಗಿ ನಿಂತಿದ್ದಳು, ಸೀಟಿ ಬಾಯಲ್ಲಿತ್ತು. ಎರಡು ಸಲ ಊದಿದಳು, ಚುರುಕಾಗಿ.

ಬಟ್ಟೆ ಸುತ್ತಿದ ಕೈಯಿಂದ ಕಿಟಕಿ ಸರಳು ಹಿಡಿದು ಎದ್ದು ನಿಂತೆ, ಕೊನೆಯ ಮೆಟ್ಟಿಲ ಮೇಲೆ ಇನ್ನೂ ಯಾರ ಕಾಲಾದರೂ ಇದೆಯೇ ಎಂದು ನೋಡಲು.